ನಾನು ಅರ್ಧ ಸಿನಿಮಾ

ನಾನು ಒಂದು ಸಿನಿಮಾ ಡಿಸ್ಕ್. ಅಂಗೈಯಷ್ಟು ಅಗಲ, ನಡುವೆ ಬೆರಳು ತೂರುವಷ್ಟು ತೂತು, ಒಂದು ಮೈ ಕನ್ನಡಿಯಂತೆ ಹೊಳೆಯುತ್ತದೆ. ನನ್ನನ್ನು ಅಚ್ಚು ಹಾಕಿದ ಯಂತ್ರ ಬಹಳ ಬಿಸಿಯಾಗಿತ್ತು ಎಂಬುದಷ್ಟೇ ಹುಟ್ಟಿದ ದಿನದ ನೆನಪು. ಆ ದಿನ ನಾವು ಇಬ್ಬರು ಹುಟ್ಟಿದೆವು. ಒಂದು ಚೀನೀ ಸಿನಿಮಾದ ಮೊದಲರ್ಧ ನಾನು, ಎರಡನೆಯರ್ಧ ಅವಳು. ಒಂದೇ ಪೆಟ್ಟಿಗೆಯಲ್ಲಿ ಬಳ್ಳಾರಿಯವರೆಗೆ ಬಂದೆವು. ಅಲ್ಲಿ ಡಿಸ್ಕ್ ಬಾಡಿಗೆಗೆ ಕೊಡುವ ಅಂಗಡಿಯವನು ಧೂಳು ಒರೆಸುವಾಗ ನಮ್ಮನ್ನು ಬೇರೆ ಬೇರೆ ಕವರಿಗೆ ಹಾಕಿಬಿಟ್ಟ. ಅವಳು ಎಲ್ಲಿಗೆ ಹೋದಳೋ ತಿಳಿಯದು. ಹಾಗಾಗಿ ನನ್ನ ಕಥೆಯ ಕೊನೆ ನನಗೇ ಗೊತ್ತಿಲ್ಲ.

ನನಗೆ ಸಿಕ್ಕಿದ್ದು ಒಂದು ಕನ್ನಡ ಭಕ್ತಿ ಸಿನಿಮಾದ ಕವರು. ಅದನ್ನು ನೋಡಿ ಒಂದು ಭಾನುವಾರ ಇಬ್ಬರು ಹುಡುಗಿಯರು ನನ್ನನ್ನು ತೆಗೆದುಕೊಂಡು ಹೋದರು. ಜೊತೆಗೆ ಪ್ಲೇಯರನ್ನೂ ದಿನದ ಬಾಡಿಗೆಗೆ ಹೊತ್ತೊಯ್ದರು. ಒಬ್ಬಳು ಹುಲಿಗೆಮ್ಮ, ಇನ್ನೊಬ್ಬಳು ಪಂಪಾವತಿ. ಇಬ್ಬರೂ ಜೀನ್ಸ್ ಹೊಲಿಯುವ ಒಂದೇ ಕಾರ್ಖಾನೆಯಲ್ಲಿದ್ದರು. ಹುಲಿಗೆಮ್ಮ ಜೇಬು ಹೊಲಿಯುತ್ತಿದ್ದಳು, ಪಂಪಾವತಿ ಬೆಲ್ಟಿನ ಪಟ್ಟಿ. ಇಬ್ಬರ ಬೆರಳ ತುದಿಗೂ ಬಟ್ಟೆಯ ನೀಲಿ ಹತ್ತಿತ್ತು.

ಹುಲಿಗೆಮ್ಮನ ಮನೆಯಲ್ಲಿ ಓಣಿಯ ಹೆಂಗಸರೆಲ್ಲ ದೇವರ ಸಿನಿಮಾಕ್ಕೆ ಕಾದು ಕುಳಿತಿದ್ದರು. ನಾನು ತಿರುಗತೊಡಗಿದೆ. ನದಿ ಬಂತು, ದೋಣಿ ಬಂತು, ಚೀನೀ ಮಾತು ಬಂತು.

"ಯಾವ ದೇವರನ್ನ ತಂದೀರೇ ಇದು?" ಎಂದು ಹುಲಿಗೆಮ್ಮನ ತಾಯಿ ಕೇಳಿದಳು.

ಹೆಂಗಸರು ಒಬ್ಬೊಬ್ಬರೇ ಎದ್ದು ಹೋದರು. ಹುಡುಗಿಯರಿಬ್ಬರು ಮಾತ್ರ ಉಳಿದರು. ಬಾಡಿಗೆಯ ಪ್ಲೇಯರು ಸುಮ್ಮನೆ ಕೂರಬಾರದಲ್ಲ.

ನನ್ನೊಳಗೆ ಇದ್ದದ್ದು ನದಿಯ ದಡದ ಒಂದು ಊರು. ಅಲ್ಲಿ ಇಬ್ಬರು ಗೆಳತಿಯರು, ಒಬ್ಬಳಿಗೆ ಉದ್ದ ಜಡೆ, ಒಬ್ಬಳಿಗೆ ದುಂಡು ಮುಖ. ಚಿಕ್ಕವರಿದ್ದಾಗ ಒಂದೇ ಕೊಡೆಯಲ್ಲಿ ನಡೆಯುತ್ತಾರೆ, ದೊಡ್ಡವರಾದ ಮೇಲೂ ನಡೆಯುತ್ತಾರೆ. ಆಮೇಲೆ ಒಬ್ಬ ದೋಣಿಯವನು ಬರುತ್ತಾನೆ. ಇಬ್ಬರೂ ಅವನನ್ನು ನೋಡುತ್ತಾರೆ. ಕೊನೆಗೆ ಉದ್ದ ಜಡೆಯವಳು ದಡದಲ್ಲಿ ನಿಂತಿರುವಾಗ ದುಂಡು ಮುಖದವಳು ಓಡಿ ಬಂದು ಏನೋ ಹೇಳಲು ಬಾಯಿ ತೆರೆಯುತ್ತಾಳೆ. ಅಲ್ಲಿಗೆ ನಾನು ಮುಗಿಯುತ್ತೇನೆ.

ಮಾತು ತಿಳಿಯದ್ದರಿಂದ ಹುಡುಗಿಯರು ಟೀವಿಯ ಸದ್ದು ನಿಲ್ಲಿಸಿ ತಾವೇ ಮಾತಾಡತೊಡಗಿದರು. ಉದ್ದ ಜಡೆಯವಳಿಗೆ ಹುಲಿಗೆಮ್ಮನ ದನಿ, ದುಂಡು ಮುಖದವಳಿಗೆ ಪಂಪಾವತಿಯ ದನಿ. ಮರುದಿನ ನನ್ನನ್ನು ಹಿಂತಿರುಗಿಸಲು ಹೋದರೆ ಅಂಗಡಿಯವನು, "ಇದನ್ನ ಯಾರೂ ಕೇಳಲ್ಲ, ನೀವೇ ಇಟ್ಕೊಳ್ರವ್ವ" ಎಂದ.

ಪ್ಲೇಯರು ತಂದ ಭಾನುವಾರಗಳಲ್ಲಿ ನನ್ನ ಸರದಿ ತಪ್ಪುತ್ತಿರಲಿಲ್ಲ. ಚಿತ್ರ ಅದೇ, ಮಾತು ಮಾತ್ರ ಪ್ರತಿಸಲ ಬೇರೆ. ಕೊನೆಯ ಮಾತು ಪಂಪಾವತಿಯದು. ಒಮ್ಮೆ ದುಂಡು ಮುಖದವಳು ಓಡಿ ಬಂದು, "ಲೇ, ನಿನ್ನ ಚಪ್ಲಿ ನಾ ಹಾಕ್ಕೊಂಡ್ ಬಂದೀನಿ" ಎಂದಳು. ಇನ್ನೊಮ್ಮೆ, "ಗಿರಣಿ ಮುಚ್ತಾನ, ಹಿಟ್ಟು ಬೀಸ್ಕೊಂಡು ಬರೋಣ ಬಾ" ಎಂದಳು. ನಕ್ಕು ನಕ್ಕು ಇಬ್ಬರೂ ಗೋಡೆಗೆ ಒರಗುತ್ತಿದ್ದರು. ಹೊರಗೆ ಕಡಿಮೆ ಮಾತಿನ ಹುಡುಗಿಯರು ಅವರು. ನನ್ನ ಮುಂದೆ ಕುಳಿತಾಗ ಮಾತ್ರ ಹೀಗೆ.

ಒಂದು ಭಾನುವಾರ ದೋಣಿಯವನು ಹುಟ್ಟು ಹಾಕುತ್ತಿದ್ದಾಗ ಹುಲಿಗೆಮ್ಮ ಉದ್ದ ಜಡೆಯವಳ ದನಿಯಲ್ಲಿ ಹೇಳಿದಳು. "ಅವ ಬಟ್ಟಿ ಕತ್ತರಿಸೋದು ನೋಡಿಯೇನು? ಗೆರಿ ಹಾಕದ ಕತ್ತರಿಸ್ತಾನ, ಒಂದು ನೂಲೂ ಆಚೀಚಿ ಆಗಲ್ಲ."

"ಅವ ದೋಣಿ ನಡೆಸ್ತಾನಲೇ, ಬಟ್ಟಿ ಎಲ್ಲಿ ಕತ್ತರಿಸ್ತಾನ?" ಎಂದ ಪಂಪಾವತಿ ತಟ್ಟನೆ ಗೆಳತಿಯ ಕಡೆ ತಿರುಗಿದಳು. "ಗಾದಿಲಿಂಗನೇನು?"

ಗಾದಿಲಿಂಗ ಅವರ ಕಾರ್ಖಾನೆಯ ಕಟಿಂಗ್ ಮಾಸ್ತರ. ಹುಲಿಗೆಮ್ಮ ಸೆರಗಿನ ಅಂಚು ಮಡಿಚುತ್ತ ಕುಳಿತಳು.

"ಕೇಳಬಾರದೇನು ಅವನ್ನ?"

"ನನಗ ಬಾಯಿ ಬರಲ್ಲ. ನೀ ಕೇಳು."

ಪಂಪಾವತಿ ಒಪ್ಪಿಕೊಂಡಳು. ಆಮೇಲಿನ ಭಾನುವಾರಗಳಲ್ಲಿ ಹುಲಿಗೆಮ್ಮ ಹುಬ್ಬು ಎತ್ತಿದಾಗಲೆಲ್ಲ, "ಇನ್ನಾ ಕೇಳಿಲ್ಲ" ಎನ್ನುತ್ತಿದ್ದಳು. ಪಂಪಾವತಿಯ ನಗು ಕಡಿಮೆಯಾಗಿತ್ತು. ನನ್ನನ್ನು ಪ್ಲೇಯರಿಗೆ ಹಾಕುವ ಅವಳ ಬೆರಳು ಒದ್ದೆಯಾಗಿರುತ್ತಿತ್ತು.

ಒಂದು ದಿನ ಚಿತ್ರ ಕೊನೆಗೆ ಬಂತು. ದುಂಡು ಮುಖದವಳು ಓಡಿ ಬಂದಳು. ಪಂಪಾವತಿ ಟೀವಿಯನ್ನೇ ನೋಡುತ್ತ ಹೇಳಿದಳು. "ನಿನ್ನ ಮಾತು ಹೇಳಾಕ ಹೋಗಿದ್ದೆ. ಅವ ನನ್ನನ್ನ ಮದುವಿಗೆ ಕೇಳಿದ."

ಹುಲಿಗೆಮ್ಮ ಆಟವೆಂದೇ ತಿಳಿದಳು. "ಕೇಳಿದ್ರ ಕೇಳ್ಲಿ. ನೀ ಏನಂದಿ?"

ಅಷ್ಟರಲ್ಲಿ ನಾನು ಮುಗಿದೆ. ಟೀವಿ ನೀಲಿಯಾಯಿತು, ಇಬ್ಬರ ಮುಖವೂ ನೀಲಿಯಾಯಿತು. ದನಿ ಕೊಡಲು ತೆರೆಯ ಮೇಲೆ ಯಾರೂ ಇರಲಿಲ್ಲ.

"ಹೂಂ ಅಂದೆ" ಎಂದಳು ಪಂಪಾವತಿ. ಅದು ಅವಳದೇ ದನಿ.

ಹುಲಿಗೆಮ್ಮ ನನ್ನನ್ನು ಹೊರಗೆ ತೆಗೆದು, ಸೆರಗಿನಿಂದ ಒರೆಸಿ, ಕವರಿಗೆ ಹಾಕಿದಳು. "ಪ್ಲೇಯರು ನೀನ ಕೊಟ್ಟು ಹೋಗು" ಎಂದಳು. ಅವರಿಬ್ಬರ ನಡುವೆ ವರ್ಷಗಟ್ಟಲೆ ಅದೇ ಕೊನೆಯ ಮಾತಾಗಿ ಉಳಿಯಿತು.

ಪಂಪಾವತಿಯ ಮದುವೆಗೆ ಹುಲಿಗೆಮ್ಮ ಹೋಗಲಿಲ್ಲ. ಆ ದಿನ ಮನೆಯಲ್ಲಿದ್ದ ಒಗೆದ ಬಟ್ಟೆಗಳನ್ನೇ ತೆಗೆದು ಮತ್ತೆ ಒಗೆದಳು. ಪಂಪಾವತಿ, ಗಾದಿಲಿಂಗ ಇಬ್ಬರೂ ಕೆಲಸಕ್ಕೆಂದು ಆದೋನಿಗೆ ಹೋದರು. ಮುಂದೆ ಹುಲಿಗೆಮ್ಮನಿಗೂ ಮದುವೆಯಾಯಿತು. ಅವಳ ಗಂಡ ಅಕ್ಕಿ ಗಿರಣಿಯ ಮೆಕ್ಯಾನಿಕ್, ಒಳ್ಳೆಯವನು. ಅವಳ ಟ್ರಂಕಿನಲ್ಲಿ ನಾನೂ ಹೋದೆ. ಕನ್ನಡಿ ಒಡೆದಾಗ ಅವಳು ನನ್ನನ್ನು ನೋಡಿ ಕುಂಕುಮ ಇಟ್ಟುಕೊಂಡಳು. ಮಗಳು ತೂತಿಗೆ ಕಡ್ಡಿ ಸಿಕ್ಕಿಸಿ ನನ್ನನ್ನು ಬುಗುರಿ ಮಾಡಿ ಆಡಿಸಿದಳು. ನನ್ನ ಮೈತುಂಬ ಗೀರು ಬಿದ್ದವು. ಪ್ಲೇಯರುಗಳೂ ಊರಿನಿಂದ ಮಾಯವಾದವು.

ದೊಡ್ಡವಳಾದ ಮಗಳು ಒಮ್ಮೆ ನನ್ನ ಕಥೆ ಕೇಳಿದಳು. ಹುಲಿಗೆಮ್ಮ ಸೊಪ್ಪು ಸೋಸುತ್ತ ಎಲ್ಲವನ್ನೂ ಹೇಳಿದಳು.

"ಅವನ್ನ ಕಟ್ಕೊಂಡ್ಲು ಅಂತ ಸಿಟ್ಟೇನಮ್ಮಾ?"

"ಅವನ್ನ ತಗೊಂಡು ನಾನೇನ್ ಮಾಡ್ಲಿ? ನನ್ನ ಮಾರಿ ನೋಡಿ ಹೇಳ್ಲಿಲ್ಲ. ಟೀವಿ ನೋಡಿ ಹೇಳಿದ್ಲು."

ಈಗ ನಾನು ಮಾಳಿಗೆಯ ಮೇಲೆ ದಾರದಲ್ಲಿ ನೇತಾಡುತ್ತೇನೆ. ಕೆಳಗೆ ಹಳೆ ಸೀರೆಯ ಮೇಲೆ ಹುಲಿಗೆಮ್ಮ ಸಂಡಿಗೆ ಇಡುತ್ತಾಳೆ. ನನ್ನ ಹೊಳಪಿಗೆ ಕಾಗೆಗಳು ಬೆದರುತ್ತವೆ. ಬಿಸಿಲು ಬಿದ್ದಾಗ ನನ್ನ ಬೆಳಕು ಅಕ್ಕಪಕ್ಕದ ಗೋಡೆಗಳ ಮೇಲೂ ಓಡಾಡುತ್ತದೆ.

ಕೆಲವು ದಿನಗಳ ಹಿಂದೆ ಕೆಳಗಿನಿಂದ ಒಂದು ದನಿ ಬಂತು. "ಯಾರ್ರೀ ಮ್ಯಾಲೆ? ನಿಮ್ಮ ಬೆಳಕು ನಮ್ಮನಿ ಒಳಗ ಬೀಳಾಕತ್ತೈತಿ. ಕಣ್ಣು ಬಿಡಾಕ ಆಗವಲ್ದು."

ದನಿ ನನಗೆ ಗುರುತು ಸಿಕ್ಕಿತು. ಹುಲಿಗೆಮ್ಮನ ಕೈಯೂ ಹಿಟ್ಟಿನಲ್ಲೇ ನಿಂತಿತು. ಮೆಟ್ಟಿಲೇರಿ ಬಂದವಳು ಪಂಪಾವತಿ. ಆದೋನಿ ಬಿಟ್ಟು ನಮ್ಮ ಮನೆಯ ಹಿಂದಿನ ಓಣಿಗೆ ಬಾಡಿಗೆಗೆ ಬಂದಿದ್ದಳಂತೆ. ಇದು ಯಾರ ಮನೆಯೆಂದು ಅವಳಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ, ನಾನು ಹೇಳಲಾರೆ. ಅವಳು ಹುಲಿಗೆಮ್ಮನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಇದನ್ನ ಕಾಗಿ ಓಡ್ಸಾಕ ಕಟ್ಟಿಯೇನು?"

"ಹೂಂ. ಕಾಗಿ ಬರೋದು ಬಿಟ್ವು. ನೀ ಬಂದಿ."

ಪಂಪಾವತಿ ಹಿಂತಿರುಗಲಿಲ್ಲ, ಕೂರಲೂ ಇಲ್ಲ. ಹುಲಿಗೆಮ್ಮ ಮತ್ತೆ ಹಿಟ್ಟಿಗೆ ಕೈ ಹಾಕಿದಳು. "ಹೆಂಗದಾನ ನಿನ್ನ ಮಾಸ್ತರ?"

"ಅದಾನ. ಕತ್ರಿ ಬಿಟ್ಟ. ಈಗ ಬರೇ ನನ್ನ ಮಾತು ಕತ್ತರಿಸ್ತಾನ."

ಹುಲಿಗೆಮ್ಮ ನಗು ತಡೆದುಕೊಂಡಳು. ಇನ್ನೊಂದು ಸಂಡಿಗೆ ಇಟ್ಟಳು. ಆಮೇಲೆ ತಲೆ ಎತ್ತದೆ ಕೇಳಿದಳು. "ಆ ದುಂಡ್ ಮಾರಿಯಾಕಿ ಕೊನಿಗೆ ಏನಂದ್ಲು?"

ಪಂಪಾವತಿ ನನ್ನ ಕಡೆ ನೋಡಿದಳು. ನಾನು ಗಾಳಿಗೆ ತಿರುಗಿ ಗೀರು ಬಿದ್ದ ಮೈ ತೋರಿಸಿದೆ. ಅವಳು ನನ್ನನ್ನು ಬಿಟ್ಟು ಹುಲಿಗೆಮ್ಮನ ಎದುರಿಗೆ ಬಂದು, ಕುಕ್ಕರಗಾಲಲ್ಲಿ ಕುಳಿತು, ಅವಳು ತಲೆ ಎತ್ತುವವರೆಗೆ ಕಾದಳು.

"ನನಗೂ ಅವ ಬೇಕಾಗಿದ್ದ. ನಿನ್ನ ಮಾರಿ ನೋಡಿದ್ರ ನನಗೂ ಬಾಯಿ ಬರ್ತಿರ್ಲಿಲ್ಲ."

 ಹುಲಿಗೆಮ್ಮ ಹಿಟ್ಟಿನ ಬೋಗುಣಿಯನ್ನು ಇಬ್ಬರ ನಡುವೆ ಸರಿಸಿದಳು.

"ಕೈ ತೊಳ್ಕಂಡು ಬಾ. ಹಿಟ್ಟು ಆರ್ತೈತಿ."

ಈಗ ಪಂಪಾವತಿ ದಿನವೂ ಬರುತ್ತಾಳೆ. ನಿನ್ನೆ ದೂರದ ನಲ್ಲಿಯ ಬಳಿ ಇಬ್ಬರು ಹೆಂಗಸರು ಕೈ ಬೀಸಿ ಜಗಳವಾಡುತ್ತಿದ್ದರು. ಮಾತು ಮಾಳಿಗೆಗೆ ಕೇಳುತ್ತಿರಲಿಲ್ಲ. "ಲೇ, ನನ್ನ ಕೊಡ ಮೊದಲಿತ್ತು" ಎಂದಳು ಹುಲಿಗೆಮ್ಮ, ಅವರಲ್ಲಿ ಒಬ್ಬಳ ಪರವಾಗಿ. ಆಮೇಲೆ ಪಂಪಾವತಿಯ ಕಡೆ ತಿರುಗಿದಳು.

"ನಿನ್ನ ಕೊಡ ತೂತೈತಿ, ನೀ ಯಾವಾಗ ತುಂಬಿಸ್ತಿ?" ಎಂದಳು ಪಂಪಾವತಿ.

ನನ್ನ ಎರಡನೆಯರ್ಧ ಎಲ್ಲಿದೆಯೋ ಈಗಲೂ ತಿಳಿಯದು. ಯಾವುದೋ ಊರಿನಲ್ಲಿ ಅವಳೂ ಕಾಗೆ ಓಡಿಸುತ್ತಿರಬಹುದು. ನದಿಯ ದಡದ ಆ ಇಬ್ಬರು ಕೊನೆಗೆ ಏನಾದರೆಂದು ಹುಲಿಗೆಮ್ಮನೂ ಪಂಪಾವತಿಯೂ ಮತ್ತೆ ಕೇಳಲಿಲ್ಲ. ಗಾಳಿ ಬಂದಾಗ ನಾನು ತಿರುಗುತ್ತೇನೆ. ಈಗ ನನ್ನ ಬೆಳಕು ಹಿಂದಿನ ಓಣಿಯಲ್ಲಿ ಪಂಪಾವತಿಯ ಗೋಡೆಯ ಮೇಲೆ ಬಿದ್ದರೆ, ಬೈಯಲು ಅವಳು ಅಲ್ಲಿರುವುದಿಲ್ಲ, ಇಲ್ಲಿ ನನ್ನ ಕೆಳಗೆ ಸಂಡಿಗೆ ಇಡುತ್ತಿರುತ್ತಾಳೆ.