ಒಂದು ಮೊಳದ ಓರೆ

ಮಣ್ಣಿಗಿಳಿಯಬೇಕಿದ್ದ ಹಾರೆ ಠಣ್ ಎಂದಿತು. ಮೇಸ್ತ್ರಿ ಕೈ ತಡೆದು, ಮಂಡಿಯೂರಿ, ಬೆರಳಿನಿಂದ ಮಣ್ಣು ಸರಿಸಿದರು. ಚರ್ಚಿನ ನೆಲದ ಹಾಸುಗಲ್ಲು ಎಬ್ಬಿಸಿದ ಜಾಗದಲ್ಲಿ ಇನ್ನೊಂದು ಕಲ್ಲಿನ ಅಂಚು, ಕೆತ್ತಿ ನಯ ಮಾಡಿದ್ದು.

"ಹಳೇ ಪಾಯ ಇದ್ದಂಗಿದೆ. ದಾರ ಬಿಡ್ಬೇಡ, ಹಿಡ್ಕೊಂಡೇ ಇರು," ಎಂದರು ಮಗಳಿಗೆ.

ಅವಳು ಅಳತೆಯ ದಾರ ಹಿಡಿದುಕೊಂಡೇ ಬಗ್ಗಿ ನೋಡಿದಳು.

ಆ ಮೆಥೋಡಿಸ್ಟ್ ಚರ್ಚನ್ನು ಕಟ್ಟಿದವರು ಮೇಸ್ತ್ರಿಯ ತಾತ. ಎರಡಾಳೆತ್ತರದ ಕಲ್ಲಿನ ಗೋಡೆ, ಚೂಪು ಕಮಾನಿನ ಕಿಟಕಿಗಳು, ನಡುವೆ ಒಂದೂ ಕಂಬವಿಲ್ಲದೆ ಇಡೀ ಸಭೆಯ ಮೇಲೆ ಚಾಚಿಕೊಂಡ ಮರದ ತೊಲೆಗಳು. ಎಲ್ಲ ಸರಿ, ದಕ್ಷಿಣದ ಗೋಡೆಯೊಂದು ಬಿಟ್ಟು. ಬಾಗಿಲಿನಿಂದ, ಪಾದ್ರಿ ನಿಲ್ಲುವ ಪ್ರಸಂಗಪೀಠದ ಕಡೆ ಹೋಗುತ್ತಾ ಹೋಗುತ್ತಾ ಅದು ಒಂದು ಮೊಳ ಹೊರಕ್ಕೆ ಸರಿದಿತ್ತು. ಹಿಂದಿನ ಬೆಂಚಿನಲ್ಲಿ ಕೂತು ನೋಡಿದರೆ ಇಡೀ ಕಟ್ಟಡವೇ ಒಂದು ಪಕ್ಕಕ್ಕೆ ಕಿವಿಗೊಟ್ಟು ಏನನ್ನೋ ಆಲಿಸುತ್ತಿರುವಂತೆ ಕಾಣುತ್ತಿತ್ತು. ಮೂರು ತಲೆಮಾರಿನಿಂದ ಆ ಮನೆಯವರಿಗೆ ಊರು ಇಟ್ಟ ಹೆಸರು 'ಸೊಟ್ಟಗೋಡೆಯವರು'. ಶಾಲೆಯಲ್ಲಿ ಟೀಚರೇ ಒಮ್ಮೆ ಮಗಳನ್ನು ನೋಡಿ, "ಸೊಟ್ಟಗೋಡೆಯವರ ಹುಡುಗೀನಾ? ಪರವಾಗಿಲ್ಲ, ಬೈತಲೆ ನೆಟ್ಟಗಿದೆ," ಎಂದು ನಗಿಸಿದ್ದರು. ಅವಳೂ ಎಲ್ಲರ ಜೊತೆ ನಕ್ಕಿದ್ದಳು.

ಶತಮಾನೋತ್ಸವಕ್ಕೆ ನೆಲ ಹೊಸದು ಮಾಡಬೇಕೆಂದು ಕಮಿಟಿ ಹೇಳಿದಾಗ ಮೇಸ್ತ್ರಿ, "ಗೋಡೇನೂ ನನಗೇ ಕೊಡಿ. ಸಾಯೋದ್ರೊಳಗೆ ಅದನ್ನ ನೆಟ್ಟಗೆ ಮಾಡ್ತೀನಿ," ಎಂದು ಕೇಳಿಕೊಂಡಿದ್ದರು. ಗೋಡೆ ಬಿಚ್ಚುವಾಗ ಮೇಲಿನ ಮಾಡಿಗೆ ಆಸರೆ ಕೊಡುವ ಮರಗಳು ಆಗಲೇ ಅಂಗಳಕ್ಕೆ ಬಂದು ಬಿದ್ದಿದ್ದವು. ಒಡೆಯುವವರು ಮರುದಿನ ಬೆಳಿಗ್ಗೆ ಬರುವವರಿದ್ದರು.

ಮಧ್ಯಾಹ್ನದ ಹೊತ್ತಿಗೆ ಹಳೆಯ ಪಾಯ ಪೂರ್ತಿ ತೆರೆದುಕೊಂಡಿತು. ಚರ್ಚಿನ ಹೊಟ್ಟೆಯೊಳಗೆ, ತುಸು ಓರೆಯಾಗಿ, ಒಂದು ಪುಟ್ಟ ಆಯತ. ನಲವತ್ತು ಜನ ಒತ್ತಿಕೊಂಡು ಕೂರಬಹುದಾದಷ್ಟು ಜಾಗ. ಪ್ರಸಂಗಪೀಠದ ಕಡೆಯ ಅದರ ಒಂದು ಮೂಲೆ ದಕ್ಷಿಣದ ಗೋಡೆಯತ್ತ ಚಾಚಿತ್ತು. ಆ ಮೂಲೆಯ ಪಕ್ಕದಲ್ಲೇ ಹೊಸಿಲು. ತುಳಿದು ತುಳಿದು ಅದರ ನಡುಭಾಗ ಸೌಟಿನಂತೆ ತಗ್ಗಾಗಿತ್ತು.

ಗೋಡೆ ನೆಟ್ಟಗಿದ್ದರೆ ಎಲ್ಲಿ ಬರಬೇಕಿತ್ತೋ ಅಲ್ಲಿ ಮೇಸ್ತ್ರಿ ದಾರ ಎಳೆದರು. ದಾರ ಹೊಸಿಲಿನ ಮುಂದೆ ಎರಡೇ ಮೊಳ ದೂರದಲ್ಲಿ ಹಾದುಹೋಯಿತು.

"ಅಪ್ಪಾ," ಎಂದಳು ಮಗಳು. ಚರ್ಚಿನ ಚರಿತ್ರೆ ಬರೆಯುವ ಕೆಲಸ ಅವಳಿಗೆ ಅಂಟಿಕೊಂಡಿತ್ತು. ಡಿಗ್ರಿ ಓದಿದವಳು, ಬೇಡ ಎನ್ನಲು ಬಾಯಿ ಬಾರದವಳು. "ಆರಾಧನೆ ರಿಜಿಸ್ಟರಲ್ಲಿ ಒಂದು ಭಾನುವಾರಾನೂ ತಪ್ಪಿಲ್ಲ. ಚರ್ಚು ಕಟ್ಟೋಕೆ ಎರಡು ವರ್ಷ ಹಿಡೀತಲ್ಲ, ಆ ಎರಡು ವರ್ಷಾನೂ ವಾರವಾರ ಹಾಡಿನ ನಂಬರು, ಬಂದವರ ಲೆಕ್ಕ ಎಲ್ಲ ಇದೆ. ಎರಡು ಮದುವೆ, ಮೂರು ಸಾವು. ಎಲ್ಲಿ ಕೂತಿದ್ರು ಇವರೆಲ್ಲ ಅಂತ ನನಗೆ ತಿಳೀತಾನೇ ಇರ್ಲಿಲ್ಲ."

"ಇಲ್ಲೇ ಕೂತಿದ್ರು."

"ಹ್ಞೂಂ. ಹಳೇ ಚರ್ಚನ್ನ ಒಳಗಿಟ್ಕೊಂಡೇ ಸುತ್ತ ಹೊಸದು ಕಟ್ಟಿದಾರೆ."

ಮೇಸ್ತ್ರಿ ಹೊಸಿಲಿಗೂ ಗೋಡೆಗೂ ನಡುವೆ ಹೋಗಿ ನಿಂತು, ಎರಡೂ ತೋಳು ಚಾಚಿ ಅಳೆದರು. "ಹೆಣದ ಪೆಟ್ಟಿಗೆ, ಆ ಕಡೆ ಒಬ್ಬ, ಈ ಕಡೆ ಒಬ್ಬ," ಎಂದು ಗೊಣಗಿದರು. "ಸರಿಯಾಗಿ ಹಿಡಿಸುತ್ತೆ. ಗೋಡೆ ನೆಟ್ಟಗಿದ್ರೆ ಹಿಡಿಸ್ತಿರ್ಲಿಲ್ಲ." ಆಮೇಲೆ ತಲೆಯೆತ್ತಿದರು. ಪ್ರಸಂಗಪೀಠದ ಕಡೆಗೆ ಒಂದೊಂದು ತೊಲೆಯೂ ಹಿಂದಿನದಕ್ಕಿಂತ ನಾಲ್ಕು ಬೆರಳು ಉದ್ದ. ಅವರು ಐವತ್ತು ವರ್ಷದಿಂದ ನೋಡುತ್ತಾ ಬಂದ ತೊಲೆಗಳೇ. "ಕೈತಪ್ಪಿ ಆದದ್ದಾಗಿದ್ರೆ ಮರ ಗಿಡ್ಡ ಆಗ್ಬೇಕಿತ್ತು. ಒಂದೊಂದನ್ನೂ ಅಳತೆ ಹಾಕಿ ಕುಯ್ಸಿದಾರಲ್ಲೇ!"

"ಮಾಡು ಮುಚ್ಚಿದ ಮೇಲೆ ಹಳೇದನ್ನ ಬಿಚ್ಚಿ, ಒಂದೊಂದೇ ಕಲ್ಲು ದೊಡ್ಡ ಬಾಗಿಲಿಂದ ಹೊರಗೆ ಹೊತ್ತಿರ್ಬೇಕು. ರಿಜಿಸ್ಟರಲ್ಲಿ ಅದರ ಮಾತೇ ಇಲ್ಲಪ್ಪ. ಒಂದು ಭಾನುವಾರ ಹಳೇ ಮಾಡಿನ ಕೆಳಗೆ, ಮುಂದಿನ ಭಾನುವಾರ ಇದರ ಕೆಳಗೆ. ಅದೇ ಕೈಬರಹ. ಬಂದವರು ನಲವತ್ತೊಂದು."

"ತಾತ ಒಂದು ಮಾತೂ ಹೇಳ್ಲಿಲ್ಲ ನೋಡು."

"ಎಲ್ಲರೂ ಕಣ್ಣಾರೆ ಕಂಡಿದ್ದನ್ನ ಯಾರಿಗೆ ಅಂತ ಹೇಳ್ತಾರೆ?"

ಮೇಸ್ತ್ರಿ ಗೋಡೆಗೆ ಅಂಗೈ ಒತ್ತಿ ನಿಂತರು.

ಅಷ್ಟರಲ್ಲಿ ಔಷಧದಂಗಡಿ ಮುಚ್ಚಿ ಊಟಕ್ಕೆ ಹೊರಟಿದ್ದ ಕಮಿಟಿ ಕಾರ್ಯದರ್ಶಿ ಒಳಗೆ ಬಂದರು. "ಏನ್ರೀ ಮೇಸ್ತ್ರಿ, ನೆಲ ಹಾಸಿ ಅಂದ್ರೆ ನಿಧಿ ತೆಗೀತಿದೀರಾ? ನಾಳೆ ಏಳಕ್ಕೆಲ್ಲ ಆಳುಗಳು ಬರ್ತಾರೆ, ಗೋಡೆಗೆ ಗುರುತು ಹಾಕಿದ್ರಾ?"

"ಗೋಡೆ ಮುಟ್ಟಲ್ಲ ಸಾರ್."

"ಹ್ಞಾಂ? ನೀವೇ ತಾನೆ ಕಾಡಿ ಬೇಡಿ ಒಪ್ಪಿಸಿದ್ದು!"

"ಒಪ್ಪಿಸಿದ್ದೂ ನಾನೇ, ಬೇಡ ಅನ್ನೋನೂ ನಾನೇ. ಈ ಹಳೇ ಚರ್ಚಲ್ಲಿ ಆರಾಧನೆ ನಿಲ್ಲದ ಹಾಗೆ, ಇದರ ಬಾಗಿಲಿಗೆ ದಾರಿ ಬಿಟ್ಟೇ ತಾತ ಗೋಡೆ ಕಟ್ಟಿದಾರೆ. ಕಮಿಟಿಯವರು ಬೈದ್ರೆ ಬೈಸ್ಕೋತೀನಿ."

"ಅಲ್ರೀ, ಒಂದ್ಸಲ ಕಲ್ಲು ಹಾಸಿ ಮುಚ್ಚಿದ್ರೆ ಇದು ಯಾರಿಗೆ ಕಾಣುತ್ತೆ? ಆ ಹೆಸರು ಹಾಗೇ ಉಳ್ಕೊಳುತ್ತಲ್ಲ. ಮೊಮ್ಮಕ್ಕಳಿಗೂ."

"ಉಳ್ಕೊಳ್ಲಿ ಸಾರ್," ಎಂದರು ಮೇಸ್ತ್ರಿ. ಮಗಳ ಕೈಯಿಂದ ದಾರ ತೆಗೆದುಕೊಂಡು ನಿಧಾನವಾಗಿ ಸುತ್ತತೊಡಗಿದರು.

ಕಾರ್ಯದರ್ಶಿ ಹೊಸಿಲನ್ನೂ ಆ ಪುಟ್ಟ ಆಯತವನ್ನೂ ಅದರ ಮೇಲೆ ಅಷ್ಟೆತ್ತರದಲ್ಲಿ ಹರಡಿಕೊಂಡ ಮಾಡನ್ನೂ ಒಂದೊಂದಾಗಿ ನೋಡಿದರು. ನೋಡುತ್ತಾ ನೋಡುತ್ತಾ ಅವರ ದನಿ ತಾನಾಗಿ ಇಳಿಯಿತು. "ಇದರೊಳಗೆ ಕೂತ್ಕೊಂಡು ಹಾಡ್ತಿದ್ರಾ? ಸುತ್ತ ಗೋಡೆ ಏಳ್ತಿರೋವಾಗ?" ಕೇಳುತ್ತಾ ಎರಡು ಹೆಜ್ಜೆ ಮುಂದೆ ಬಂದು ಹೊಸಿಲಿನ ಎದುರಿಗೇ ನಿಂತರು.

"ಸ್ವಲ್ಪ ಈ ಕಡೆ ಬನ್ನಿ ಸಾರ್," ಎಂದು ಮೇಸ್ತ್ರಿ ಅವರ ತೋಳು ಹಿಡಿದು ಮೆಲ್ಲಗೆ ಸರಿಸಿದರು. "ದಾರೀಲಿ ನಿಂತಿದೀರಿ."

ಮೂವರೂ ಗೋಡೆಗೆ ಬೆನ್ನು ಹಚ್ಚಿ, ಕಾಲು ಹಿಂದಕ್ಕೆಳೆದುಕೊಂಡು, ಸಾಲಾಗಿ ನಿಂತರು. ಅವರ ಮುಂದೆ ಹೊಸಿಲಿನವರೆಗಿನ ಜಾಗ ಖಾಲಿಯಾಗಿತ್ತು. ಯಾರೂ ಅದರೊಳಗೆ ಕಾಲಿಡಲಿಲ್ಲ.