ಕೆಂಪು ಕ್ಯಾಲಿಪರಿನ ಭಾನುವಾರ

ನಮ್ಮ ಯಜಮಾನರಿಗೆ ಕಾರಿನ ಬಗ್ಗೆ ಎಷ್ಟು ಗೊತ್ತು ಎಂದು ಯಾರಾದರೂ ಕೇಳಿದರೆ ನಾನು ಬಾಯಿ ಬಿಡುವುದಿಲ್ಲ. ಬಿಟ್ಟರೆ ಸಂಸಾರ ನೆಟ್ಟಗಿರುವುದಿಲ್ಲ. ಸರ್ವೀಸಿಗೆ ಬಿಟ್ಟಾಗ ಮೆಕ್ಯಾನಿಕ್ಕಿನ ಪಕ್ಕದಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಾರೆ. ಅವನು ಏನು ಹೇಳಿದರೂ "ಅದೇ ನಾನೂ ಅಂದ್ಕೊಂಡೆ" ಎನ್ನುತ್ತಾರೆ. ಆಮೇಲೆ ಮನೆಗೆ ಬಂದು ಅದನ್ನೇ ತಾವು ಕಂಡುಹಿಡಿದವರ ಹಾಗೆ ನಮಗೆ ಪಾಠ ಒಪ್ಪಿಸುತ್ತಾರೆ. ವಿಮಾ ಕಚೇರಿಯಲ್ಲಿ ಇಡೀ ದಿನ ಕೂತು ಬರುವ ಮನುಷ್ಯನಿಗೆ ಅಷ್ಟು ಸಂತೋಷವಾದರೂ ಇರಲಿ ಎಂದು ನಾನೂ ಮಗಳೂ ತಲೆಯಾಡಿಸುತ್ತೇವೆ.

ಎದುರುಮನೆಯವರು ಹೊಸ ಕಾರು ತಂದಾಗ ಶುರುವಾಯಿತು ಈ ಕ್ಯಾಲಿಪರಿನ ಹುಚ್ಚು. ಆ ಕಾರಿನ ಚಕ್ರದ ಸಂದಿಯಲ್ಲಿ ಕೆಂಪಗೆ ಏನೋ ಕಾಣುತ್ತಿತ್ತು. ಚಕ್ರದ ಒಳಗೆ ಒಂದು ಉಕ್ಕಿನ ತಟ್ಟೆ ತಿರುಗುತ್ತದಂತೆ. ಬ್ರೇಕ್ ತುಳಿದರೆ ಆ ತಟ್ಟೆಯನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುವ ಇಕ್ಕಳ ಇದೆಯಲ್ಲ, ಅದೇ ಕ್ಯಾಲಿಪರು. ಅದಕ್ಕೆ ಬಣ್ಣ ಹೊಡೆದರೆ ಹಳೇ ಕಾರಿಗೂ ಕಳೆ ಬರುತ್ತದೆ ಎಂದು ಇವರು ಯಾವುದೋ ವಿಡಿಯೋ ನೋಡಿ ತಿಳಿದುಕೊಂಡರು. ನಮ್ಮ ಕಾರಿಗೆ ಹನ್ನೊಂದು ವರ್ಷ. ಏಸಿ ಸತ್ತು ಯಾವ ಕಾಲವಾಯಿತೋ. ಹಿಂದಿನ ಎಡಬಾಗಿಲು ಒಳಗಿನಿಂದ ತೆರೆಯುವುದಿಲ್ಲ, ಅಲ್ಲಿ ಕೂತವರನ್ನು ಯಾರಾದರೂ ಬಂದು ಬಿಡಿಸಬೇಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದೆ. ಕೇಳಿಸದವರಂತೆ ಹೋಗಿ ಕೆಂಪು ಬಣ್ಣದ ಡಬ್ಬಿ, ತಂತಿ ಬ್ರಷ್ಷು, ಮಾಸ್ಕಿಂಗ್ ಟೇಪು ಎಲ್ಲ ತಂದರು. ತಂದದ್ದು ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತ ಬಿದ್ದಿತ್ತು. ಕಾರಣ ನನಗೊಬ್ಬಳಿಗೆ ಗೊತ್ತು: ಇವರಿಗೆ ಚಕ್ರ ಬಿಚ್ಚಲು ಬರುವುದಿಲ್ಲ.

ಇದರ ಮಧ್ಯೆ ಮಗಳು ಮದುವೆಯ ಮಾತು ತೆಗೆದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಪಕ್ಕದಲ್ಲೇ ಬೇಕರಿ. ಬೇಕರಿಯ ಹುಡುಗ ಕೇಕಿನ ಮೇಲೆ ಹೂವು ಬಿಡಿಸುವುದನ್ನು ನೋಡಿ ನೋಡಿ ಮನಸ್ಸು ಕೊಟ್ಟಿದ್ದಳು. ನಾನು ಅವನನ್ನು ಎರಡು ಸಲ ನೋಡಿದ್ದೆ. ಮಾತು ಕಡಿಮೆ, ಕಣ್ಣಲ್ಲಿ ಕಪಟವಿಲ್ಲ, ನನಗೆ ಹಿಡಿಸಿದ್ದ. ಇವರಿಗೆ ಮಾತ್ರ ಮುಖ ಗಂಟಾಯಿತು.

"ಕೇಕ್ ಮಾಡೋನಾ? ಗಂಡಸು ಅಂದ್ಮೇಲೆ ಕೈಯಲ್ಲಿ ಒಂದು ಸ್ಪ್ಯಾನರ್ ಹಿಡಿಯೋಕಾದ್ರೂ ಬರ್ಬೇಕು."

"ಅವನಿಗೆ ಕಾರಿನ ಕೆಲಸ ಎಲ್ಲ ಬರುತ್ತಪ್ಪ" ಎಂದಳು ಮಗಳು, ಕಣ್ಣು ಮಿಟುಕಿಸದೆ.

"ಹೌದಾ? ಹಾಗಾದ್ರೆ ಭಾನುವಾರ ಬರಲಿ. ಇಬ್ರೂ ಸೇರಿ ಕ್ಯಾಲಿಪರಿಗೆ ಬಣ್ಣ ಹೊಡೆಯೋಣ. ಆಮೇಲೆ ಮದುವೆ ಮಾತು. ಕೈಲಾಗದವನು ಅಂತ ಕಂಡ್ರೆ ಈ ಮನೇಲಿ ಅವನ ಹೆಸರು ಎತ್ತಬಾರದು."

ಇವರು ಹೊರಗೆ ಹೋದ ಮೇಲೆ ಮಗಳು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಬಂದಳು. "ಅಮ್ಮ, ಅವನಿಗೆ ಸೈಕಲ್ಲಿಗೆ ಗಾಳಿ ಹೊಡೆಯೋದು ಬಿಟ್ರೆ ಏನೂ ಬರಲ್ಲ. ನೀನು ಬಾಯಿ ಬಿಟ್ರೆ ನನ್ನಾಣೆ." ಅತ್ತ ದರಿ, ಇತ್ತ ಪುಲಿ. ಗಂಡನ ಗುಟ್ಟು ಒಂದು ಕಡೆ, ಮಗಳ ಗುಟ್ಟು ಇನ್ನೊಂದು ಕಡೆ. ಎರಡನ್ನೂ ಬಾಯಲ್ಲಿ ತುಂಬಿಕೊಂಡು ಭಾನುವಾರ ಬೆಳಗ್ಗೆ ನಾನು ಹೊರಗಿನ ಮೆಟ್ಟಿಲ ಮೇಲೆ ತರಕಾರಿ ಹೆಚ್ಚುತ್ತ ಕೂತೆ. ಇಂಥ ನಾಟಕ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಹುಡುಗ ಸಮಯಕ್ಕೆ ಸರಿಯಾಗಿ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ತನ್ನದೇ ಬ್ರಷ್ಷುಗಳ ಕಟ್ಟು. ಕೇಕಿಗೆ ಬಣ್ಣ ಹಚ್ಚುವ ಬ್ರಷ್ಷು ಎಂದು ನನಗೆ ನೋಡಿದ ಕೂಡಲೇ ತಿಳಿಯಿತು. ಇವರು ಅದನ್ನು ತೂಗಿ ನೋಡುವವರಂತೆ ನೋಡಿ "ಹೂಂ, ಪ್ರೊಫೆಷನಲ್" ಎಂದರು.

"ಹಿಂದಿನಿಂದ ಶುರು ಮಾಡೋಣ್ವಾ?" ಎಂದು ಇವರು ಕೇಳಿದರು.

"ಯಾವಾಗ್ಲೂ ಹಿಂದಿನಿಂದಾನೇ ಅಂಕಲ್" ಎಂದ ಅವನು.

ಹ್ಯಾಂಡ್‌ಬ್ರೇಕ್ ಎಳೆದು, ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕಿ ಏರಿಸಿದರು. ಒಬ್ಬರು ಸ್ಪ್ಯಾನರ್ ಹಿಡಿದರೆ ಒಬ್ಬರು ಅದರ ಮೇಲೆ ಕಾಲಿಟ್ಟು ನಿಂತರು. ನಟ್ಟುಗಳು ಗೋಳಾಡುತ್ತ ಬಿಚ್ಚಿಕೊಂಡವು. ಚಕ್ರ ಹೊರಗೆ ಬಂತು. ಒಳಗೆ ನೋಡಿದರೆ ತಟ್ಟೆಯೂ ಇಲ್ಲ, ಇಕ್ಕಳವೂ ಇಲ್ಲ. ತುಕ್ಕು ಹಿಡಿದ ಒಂದು ಬೋಗುಣಿ ಕವುಚಿಟ್ಟ ಹಾಗಿದೆ. ನಮ್ಮಂಥ ಕಾರುಗಳಿಗೆ ಹಿಂದೆ ಕ್ಯಾಲಿಪರೇ ಇರುವುದಿಲ್ಲ, ಡ್ರಮ್ ಇರುತ್ತದೆ ಎಂದು ನನಗೆ ಆಮೇಲೆ ತಿಳಿಯಿತು. ಅವರಿಬ್ಬರಿಗೂ ಆಮೇಲೆಯೇ ತಿಳಿದದ್ದು. ಆಗ ಇಬ್ಬರೂ ಬಗ್ಗಿ ಅದನ್ನೇ ದಿಟ್ಟಿಸಿದರು. ಯಾರು ಮೊದಲು ಮಾತಾಡಿದರೆ ಅವರು ಕೆಟ್ಟರು ಎಂಬಂತೆ ಸುಮ್ಮನಿದ್ದರು.

"ಹಿಂದಗಡೆದು ಒಳಗಿರುತ್ತೆ" ಎಂದರು ಇವರು ಕೊನೆಗೆ.

"ಹೌದು ಅಂಕಲ್. ಒಳಗೇ ಇರುತ್ತೆ."

"ಸುಮ್ನೆ ಒಂದ್ಸಲ ಚೆಕ್ ಮಾಡಿದ್ವಿ."

"ಮಾಡ್ಬೇಕು ಅಂಕಲ್. ಒಳ್ಳೇದು."

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ಇಬ್ಬರು ಜಟ್ಟಿಗಳು ಒಟ್ಟಿಗೆ ಬಿದ್ದು, ಒಬ್ಬರ ಮೀಸೆ ಒಬ್ಬರು ಒರೆಸಿಕೊಂಡರು. ನಾನು ಬದನೆಕಾಯಿಯ ಕಡೆ ಮುಖ ಮಾಡಿ ನಗು ನುಂಗಿದೆ.

ಮುಂದಿನ ಚಕ್ರ ಇನ್ನೂ ಚೆಂದ. ಅದನ್ನೂ ಮೊದಲು ಜಾಕಿಯಲ್ಲಿ ಎತ್ತಿ, ಆಮೇಲೆ ನಟ್ಟು ತಿರುಗಿಸಲು ಹೋದರು. ಹಿಂದಿನದನ್ನು ಹ್ಯಾಂಡ್‌ಬ್ರೇಕ್ ಹಿಡಿದಿತ್ತು, ಮುಂದಿನದನ್ನು ಹಿಡಿಯುವವರು ಯಾರು? ನಟ್ಟಿನ ಜೊತೆ ಚಕ್ರವೂ ತಿರುಗತೊಡಗಿತು. ಹುಡುಗ ಚಕ್ರವನ್ನು ತಬ್ಬಿಕೊಂಡ. ಇವರು ಸ್ಪ್ಯಾನರಿಗೆ ಜೋತುಬಿದ್ದರು. ಇಬ್ಬರೂ ಚಕ್ರದ ಜೊತೆ ಅರ್ಧ ಸುತ್ತು ಹೋಗಿ ಬಂದರು.

"ಸ್ಪ್ಯಾನರ್ ಸರಿಯಿಲ್ಲ" ಎಂದರು ಇವರು. ಕುಣಿಯಲಾರದವಳಿಗೆ ನೆಲ ಡೊಂಕು.

"ನೆಲಕ್ಕೆ ಇಳಿಸಿ ಸಡಿಲ ಮಾಡ್ಕೊಂಡ್ರೆ ಆಗಲ್ವೇನ್ರೀ?" ಎಂದೆ, ತರಕಾರಿಯಿಂದ ತಲೆ ಎತ್ತದೆ.

"ಅದೇ ನಾನೂ ಅಂದ್ಕೊಂಡೆ."

"ನಾನೂ ಅಂಕಲ್."

ಅಲ್ಲಿಂದ ಮುಂದೆ ಮಾತ್ರ ಆಟ ಬದಲಾಯಿತು. ಚಕ್ರ ಬಂತು, ಕ್ಯಾಲಿಪರು ಕಂಡಿತು, ಹುಡುಗನಿಗೆ ಜೀವ ಬಂತು. ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿ, ಸ್ಪಿರಿಟಿನಲ್ಲಿ ಒರೆಸಿ, ರಬ್ಬರಿನ ಭಾಗಗಳಿಗೆ ಟೇಪು ಸುತ್ತಿದ. ಎಷ್ಟು ನಾಜೂಕು ಎಂದರೆ ಟೇಪಿನಲ್ಲಿ ಒಂದು ಸುಕ್ಕು ಇಲ್ಲ. ಬ್ರಷ್ಷು ಹಿಡಿದ ಕೈ ಒಂದು ಸಲವೂ ಅಲುಗಲಿಲ್ಲ. ಇವರು ಸೊಂಟದಿಂದ ಕೈ ತೆಗೆದರು. ಅದು ಸಣ್ಣ ವಿಷಯವಲ್ಲ.

"ಆಂಟಿ, ಒಂಚೂರು ಅಡುಗೆ ಎಣ್ಣೆ ಕೊಡ್ತೀರಾ?" ಎಂದು ಹುಡುಗ ನಡುವೆ ಕೇಳಿದ. ಬಟ್ಟಲಲ್ಲಿ ತಂದುಕೊಟ್ಟೆ. ಅವನು ಒಂದು ಬ್ರಷ್ಷಿನಿಂದ ಆ ಉಕ್ಕಿನ ತಟ್ಟೆಯ ಮೇಲೆಲ್ಲ ತೆಳ್ಳಗೆ ಎಣ್ಣೆ ಸವರಿದ. ಬೆಳಗಿನಿಂದ ಅವನಿಗೆ ತಾನಾಗಿಯೇ ಹೊಳೆದ ಮೊದಲ ಉಪಾಯ ಇದು. "ಬಣ್ಣ ಸಿಡಿದ್ರೂ ತಟ್ಟೆಗೆ ಅಂಟಲ್ಲ ಅಂಕಲ್. ಆಮೇಲೆ ಒರೆಸಿದ್ರೆ ಬಂದ್ಬಿಡುತ್ತೆ."

"ಇದಪ್ಪ ತಲೆ ಅಂದ್ರೆ" ಎಂದರು ಇವರು, ನನ್ನ ಕಡೆ ತಿರುಗಿ. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನಿಸಿತು.

ಎರಡೂ ಕಡೆ ಎರಡೆರಡು ಕೋಟು ಆಯಿತು. ಬಣ್ಣ ಒಣಗುವಷ್ಟರಲ್ಲಿ ಊಟವೂ ಆಯಿತು. ಊಟದಲ್ಲಿ ಇವರು ತಾವಾಗಿ ಹುಡುಗನ ತಟ್ಟೆಗೆ ಬಡಿಸಿದರು. ಮಧ್ಯಾಹ್ನ ಚಕ್ರ ಹಾಕಿ ಕಾರನ್ನು ಇಳಿಸಿದಾಗ ಕೆಂಪು ಕ್ಯಾಲಿಪರು ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು; ಇನ್ನುಳಿದ ಕಾರಿನ ಮೇಲೆ ಕಣ್ಣು ಬೀಳದಿದ್ದರೆ. ಇವರು ಅಡುಗೆಮನೆಗೆ ಬಂದು ದನಿ ತಗ್ಗಿಸಿದರು.

"ಹುಡುಗ ಪರವಾಗಿಲ್ಲ ಕಣೇ. ಕೆಲಸ ಗೊತ್ತಿರೋನು. ಸಾಯಂಕಾಲ ಅವರ ಮನೆಗೆ ಫೋನ್ ಮಾಡೋಣ. ಮೊದಲು ಮಗಳನ್ನ ಕೂರಿಸ್ಕೊಂಡು ಒಂದು ರೌಂಡ್ ಹೋಗಿ ಬರ್ತೀನಿ."

ಬಾಗಿಲ ಮರೆಯಲ್ಲಿ ನಿಂತಿದ್ದ ಮಗಳ ಮುಖ ಅರಳಿತು. ಅಪ್ಪನ ಹಿಂದೆಯೇ ಓಡಿಹೋಗಿ ಮುಂದಿನ ಸೀಟಿನಲ್ಲಿ ಕೂತಳು.

ಹುಡುಗ ಒಳಗೆ ಬಂದು ನನ್ನ ಸಿಂಕಿನ ಮುಂದೆ ಕೈ ತೊಳೆಯುತ್ತಿದ್ದ. ಸೋಪು ಎರಡು ಸಲ ಕೈಯಿಂದ ಜಾರಿ ಬಿತ್ತು. ಎರಡನೇ ಸಲ ಎತ್ತಿಕೊಳ್ಳಲು ಬಗ್ಗಿದವನು ಹಾಗೇ ನಿಂತ. ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ನೋಡಿದ.

"ಆಂಟಿ, ಬ್ರೇಕ್ ತುಳಿದಾಗ ಆ ಇಕ್ಕಳ ಹಿಡಿಯೋದು ಆ ತಟ್ಟೇನೇ ಅಲ್ವಾ?"

"ಹಾಗಂತ ಇವರು ಹೇಳ್ತಿರ್ತಾರೆ."

"ನಾನು ಬಟ್ಟೇಲಿ ಒರೆಸಿದೆ. ಆದ್ರೆ ಕೇಕ್ ಟಿನ್‌ಗೆ ಹಚ್ಚಿದ ಎಣ್ಣೆ ಒರೆಸಿದ್ರೆ ಪೂರ್ತಿ ಹೋಗಲ್ಲ ಆಂಟಿ." ಅವನ ಮುಖ ಬೆಳ್ಳಗಾಗಿತ್ತು. "ಕೇಕ್ ಹಿಡೀಬಾರದು ಅಂತಾನೇ ನಾವು ಎಣ್ಣೆ ಹಚ್ಚೋದು."

ಹೊರಗೆ ಕಾರು ಸ್ಟಾರ್ಟ್ ಆದ ಸದ್ದು ಕೇಳಿತು. ನಮ್ಮ ರಸ್ತೆ ಇಳಿಜಾರು. ಕೆಳಗೆ ಬಸ್‌ಸ್ಟಾಪು, ಭಾನುವಾರವೂ ಜನ ಇರುತ್ತಾರೆ. ನನ್ನ ಗಂಡ, ನನ್ನ ಮಗಳು ಕಾರಿನಲ್ಲಿ. ಹುಡುಗ ಆಗಲೇ ಬಾಗಿಲು ದಾಟಿದ್ದ. ಅವನ ಹಿಂದೆ ಓಡುತ್ತ ನಾನು, ದೇವರಾಣೆಗೂ, ಇಷ್ಟು ಹೇಳಿದೆ: "ಬಣ್ಣ ಇನ್ನೂ ಹಸಿಯಿದೆ ಅಂದ್ಬಿಡು. ಅಷ್ಟು ಸಾಕು."

ಅಷ್ಟು ಸಾಕಾಗಿತ್ತು. ಕಾರು ನಿಲ್ಲುತ್ತಿತ್ತು, ಅವನ ಮಾನವೂ ಉಳಿಯುತ್ತಿತ್ತು, ಸಾಯಂಕಾಲ ಫೋನೂ ಹೋಗುತ್ತಿತ್ತು. ಹುಡುಗ ಒಂದು ಸಲ ತಿರುಗಿ ನನ್ನನ್ನು ನೋಡಿದ. ಆಮೇಲೆ ಹೋಗಿ ಸೋಪು ಸೋರುವ ಎರಡೂ ಕೈಗಳನ್ನು ಬಾನೆಟ್ಟಿನ ಮೇಲೆ ಊರಿ, ಕಾರಿಗೆ ಅಡ್ಡ ನಿಂತ.

"ಅಂಕಲ್, ಆಫ್ ಮಾಡಿ. ಬ್ರೇಕ್ ಹಿಡಿಯಲ್ಲ. ನಾನು ತಟ್ಟೆಗೆ ಎಣ್ಣೆ ಹಚ್ಚಿಬಿಟ್ಟಿದ್ದೀನಿ. ಕೇಕ್ ಟಿನ್‌ಗೆ ಹಚ್ಚಿ ಅಭ್ಯಾಸ." ಉಸಿರು ಎಳೆದುಕೊಂಡ. "ನಂಗೆ ಕಾರಿನ ಕೆಲಸ ಬರಲ್ಲ. ಇವತ್ತಿಗೆ ಮುಂಚೆ ಚಕ್ರ ಮುಟ್ಟಿರಲಿಲ್ಲ."

ಇವರು ಎಂಜಿನ್ ಆರಿಸಿದರು. ಕಿಟಕಿಯಿಂದ ತಲೆ ಹೊರಗೆ ಹಾಕಿ "ಮತ್ತೆ ಎಲ್ಲ ಬರುತ್ತೆ ಅಂದಿದ್ದು?" ಎಂದರು.

"ಅದು ನಾನು ಹೇಳಿದ್ದಪ್ಪ" ಎಂದಳು ಮಗಳು.

"ಬೆಳಗ್ಗೆಯಿಂದ ಹೂಂ ಅಂತ ಇದ್ದೋನು ನಾನು" ಎಂದ ಹುಡುಗ. "ಅದೂ ಸುಳ್ಳೇ ಅಲ್ವಾ."

ಇವರು ಕಾರಿನಿಂದ ಇಳಿದು, ಒಳಗೆ ಹೋಗಿ, ಕುರ್ಚಿಯ ಮೇಲೆ ಗೋಡೆ ನೋಡುತ್ತ ಕೂತರು. ಮೂವತ್ತು ವರ್ಷ ಸಂಸಾರ ಮಾಡಿದ ನನಗೂ ಆ ಮುಖ ಓದಲಾಗಲಿಲ್ಲ. ಮಗಳು ಮೆಟ್ಟಿಲ ಮೇಲೆ ಅಳುತ್ತ ಕೂತಳು. ಹುಡುಗ ತನ್ನ ಬ್ರಷ್ಷುಗಳನ್ನು ಒಂದೊಂದಾಗಿ ತೊಳೆದು ಕಟ್ಟಿಕೊಂಡ, ಆದರೆ ಹೊರಡಲಿಲ್ಲ. ಎಣ್ಣೆ ಹೋಗುವ ತನಕ ಹೇಗೆ ಹೋಗಲಿ ಎಂದ. ನನಗೆ ಅವನ ಮೇಲೆ ಸಿಟ್ಟು ಬಂತು, ಒಂದು ಸಣ್ಣ ಸುಳ್ಳು ಹೇಳಲಾರದ ಪೆದ್ದ ಎಂದು. ಹೆಮ್ಮೆಯೂ ಆಯಿತು, ಅದೇ ಕಾರಣಕ್ಕೆ. ಸ್ವಲ್ಪ ಹೊತ್ತಿನ ಮೇಲೆ ಇವರು ಮೆಕ್ಯಾನಿಕ್ಕಿಗೆ ಫೋನ್ ಮಾಡಿದರು.

ಮೆಕ್ಯಾನಿಕ್ ಬರುವಾಗ ಬೆಳಕು ಇಳಿಯುತ್ತಿತ್ತು. ಚಕ್ರ ಬಿಚ್ಚಿ, ತಟ್ಟೆಯ ಮೇಲೆ ಬೆರಳು ಆಡಿಸಿ, ಮೂಗಿನ ಹತ್ತಿರ ಹಿಡಿದ. ಅವನ ಹುಬ್ಬು ಮೇಲೆ ಹೋಯಿತು.

"ಅಡುಗೆ ಎಣ್ಣೆ. ಈ ಇಳಿಜಾರಲ್ಲಿ ಕಾರು ತೆಗೆದಿದ್ರೆ ಬಸ್‌ಸ್ಟಾಪಿನ ಒಳಗೇ ಪಾರ್ಕ್ ಮಾಡ್ತಿದ್ರಿ ಸಾರ್. ತಟ್ಟೆ ಹಿಡಿಯೋ ಪ್ಯಾಡಿಗೂ ಎಣ್ಣೆ ಹತ್ತಿದೆ, ಎರಡೂ ಕಡೆ ಹೊಸದು ಹಾಕ್ಬೇಕು." ಆಮೇಲೆ ನಮ್ಮೆಲ್ಲರ ಮುಖವನ್ನೂ ಒಂದು ಸುತ್ತು ನೋಡಿದ. "ಬಣ್ಣ ಚೆನ್ನಾಗಿದೆ. ಆದ್ರೆ ಎಣ್ಣೆ ಹಚ್ಚಿದ ಮಹಾನುಭಾವ ಯಾರು?"

ಹುಡುಗ ಒಂದು ಹೆಜ್ಜೆ ಮುಂದೆ ಬಂದು ಬಾಯಿ ತೆರೆದ.

"ನಾನೇ ಕಣಪ್ಪ" ಎಂದರು ಇವರು.

ಮೆಕ್ಯಾನಿಕ್ ನಕ್ಕ. ತಡೆಯಲಾರದೆ ಚಕ್ರಕ್ಕೆ ಒರಗಿಕೊಂಡು ನಕ್ಕ. ಇಷ್ಟು ವರ್ಷ "ಅದೇ ನಾನೂ ಅಂದ್ಕೊಂಡೆ" ಎಂದು ಅವನ ಮುಂದೆ ಕಟ್ಟಿಕೊಂಡಿದ್ದ ಮರ್ಯಾದೆಯೆಲ್ಲ ಆ ನಗುವಿನಲ್ಲಿ ತೊಳೆದುಹೋಗುವುದನ್ನು ಇವರು ನಿಂತು ನೋಡಿದರು. ಕಿವಿ ಕೆಂಪಾಯಿತು, ಆದರೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮನೆಯಲ್ಲಿ ನಲ್ಲಿ ತೆರೆದಿಟ್ಟದ್ದು ತಾವೇ ಎಂದೂ ಒಪ್ಪದ ಮನುಷ್ಯ ಇವರು.

"ಅಂಕಲ್, ಅದು ನಾನು..." ಎಂದ ಹುಡುಗ, ಮೆಲ್ಲಗೆ.

"ನೀನು ಸುಮ್ನಿರು. ಕಾರಿಗೆ ಅಡ್ಡ ನಿಂತೋನು ನೀನು, ಅಷ್ಟು ಸಾಕು." ಇವರು ಟಾರ್ಚನ್ನು ಅವನ ಕೈಗೆ ತುರುಕಿದರು. "ಇಲ್ಲಿ ಹಿಡಿ ಇದನ್ನ. ಇನ್ಮೇಲೆ ಅಂಕಲ್ ಗಿಂಕಲ್ ಬೇಡ, ಮಾವ ಅನ್ನು."

ಟಾರ್ಚಿನ ಬೆಳಕು ಸ್ವಲ್ಪ ಹೊತ್ತು ಅಲುಗಾಡುತ್ತಲೇ ಇತ್ತು. ಬೆಳಗಿನಿಂದ ಒಂದು ಸಲವೂ ಅಲುಗದ ಕೈ ಅದು. ನಾನು ಕಾಫಿಗೆ ಇಡುವ ನೆಪದಲ್ಲಿ ಒಳಗೆ ಹೋಗಿ ಕಣ್ಣು ಒರೆಸಿಕೊಂಡೆ.