ಹಣ್ಣು ಬಾರದ ಮನೆ

ತೇಜಸ್ವಿನಿ ತೂಕದ ಯಂತ್ರದಿಂದ ಇಳಿದು, ಕಿವಿಯ ಓಲೆಗಳನ್ನು ಬಿಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟು ಮತ್ತೆ ಹತ್ತಿದಳು. ಅದೂ ಸಾಲಲಿಲ್ಲವೇನೋ, ತಲೆಯ ಕ್ಲಿಪ್ಪು ಕಿತ್ತು ಹಾಸಿಗೆಯ ಮೇಲೆ ಎಸೆದು ಇನ್ನೊಮ್ಮೆ ನಿಂತಳು. ಕಾಫಿ ಲೋಟ ಹಿಡಿದು ಬಂದ ಪ್ರಮೀಳಾ ಹೊಸ್ತಿಲಲ್ಲೇ ನಿಂತಳು. ಮಗಳ ಬೆನ್ನು ಅವಳ ಕಡೆಗಿತ್ತು. ತೆಳ್ಳನೆ ನೈಟಿಯ ಒಳಗೆ ಹೆಗಲ ಮೂಳೆಗಳೆರಡೂ ಚೂಪಾಗಿ ಎದ್ದಿದ್ದವು. ದಿನಾ ಕಣ್ಣೆದುರಿಗೇ ಓಡಾಡುವ ಹುಡುಗಿ, ಇಷ್ಟು ಯಾವಾಗ ಸೊರಗಿದಳು?

"ತೇಜೂ..."

ಹುಡುಗಿ ಬೆಚ್ಚಿಬಿದ್ದು ಕೆಳಗಿಳಿದಳು. "ಏನಮ್ಮಾ, ಸದ್ದಿಲ್ದೆ ಬಂದು ನಿಂತ್ಕೋತೀಯಾ!"

"ಕಾಫಿ ತಂದೆ. ಸಕ್ಕರೆ ಹಾಕಿಲ್ಲ ಕಣೇ."

"ಹಾಲು?"

ಪ್ರಮೀಳಾ ಲೋಟ ನೋಡಿದಳು. ಹಾಲಿಲ್ಲದೆ ಕಾಫಿ ಹೇಗಾದೀತು?

"ಹಾಲಲ್ಲೂ ಸಕ್ಕರೆ ಇರತ್ತಮ್ಮ. ನೀನೇ ಕುಡಿ," ಎಂದು ತೇಜಸ್ವಿನಿ ಟವೆಲ್ ಎಳೆದುಕೊಂಡು ಬಚ್ಚಲಿಗೆ ಹೋದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಗೊತ್ತಿಲ್ಲದವರಿಗೆ ತಿಳಿಸಿ ಹೇಳುವ ತಾಳ್ಮೆಯಿತ್ತು. ಆ ಧಾಟಿ ಪ್ರಮೀಳಾಳದೇ ಆಗಿತ್ತು.

ಯಂತ್ರ ತಂದವಳೂ ಅವಳೇ. ಗುಬ್ಬಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಪ್ರಮೀಳಾ ದಿನಾ ತುಮಕೂರಿನಿಂದ ಓಡಾಡುತ್ತಿದ್ದಳು. ಹೋದ ವರ್ಷ ಶಾಲೆಯಲ್ಲಿ ನಡೆದ ಆರೋಗ್ಯ ತಪಾಸಣೆಯಲ್ಲಿ ಅವಳ ರಕ್ತ ನೋಡಿದ ಡಾಕ್ಟರು, "ಶುಗರ್ ಬಾರ್ಡರಲ್ಲಿದೆ ಮೇಡಂ. ಹೆದರ್ಕೋಬೇಡಿ, ಸ್ವಲ್ಪ ತೂಕ ಇಳಿಸಿ, ನಡೀರಿ, ಸಾಕು," ಎಂದು ನಗುತ್ತಲೇ ಹೇಳಿದ್ದರು. ಪ್ರಮೀಳಾಗೆ ಅವರ ನಗು ಕಾಣಿಸಲಿಲ್ಲ. ಕಣ್ಣಮುಂದೆ ಬಂದದ್ದು ಅಪ್ಪನ ಕಾಲು.

ಅಪ್ಪ ಕಾಳಯ್ಯ ಸಾಯುವ ಮುಂಚೆ ಮೂರು ತಿಂಗಳು ಅವಳ ಮನೆಯಲ್ಲೇ ಇದ್ದರು. ಸಕ್ಕರೆ ಕಾಯಿಲೆಯಿಂದ ಕಾಲಿನ ಹೆಬ್ಬೆರಳಲ್ಲಿ ಶುರುವಾದ ಹುಣ್ಣು ಪಾದಕ್ಕೇರಿ, ಕೊನೆಗೆ ಮೊಣಕಾಲಿನ ಕೆಳಗೆ ಕತ್ತರಿಸಿದ್ದರು. ದಿನಾ ಬೆಳಿಗ್ಗೆ ಕಟ್ಟಿದ ಬಟ್ಟೆ ಬಿಚ್ಚಿ ಗಾಯ ತೊಳೆಯುತ್ತಿದ್ದವಳು ಪ್ರಮೀಳಾ. ಆ ಸ್ಥಿತಿಯಲ್ಲೂ ಅಪ್ಪ ಊರಿಂದ ಬಂದವರ ಕೈಯಲ್ಲಿ ಹಲಸಿನ ತೊಳೆ ತರಿಸಿಕೊಂಡು ಮಂಚದ ಕೆಳಗೆ ಬಚ್ಚಿಡುತ್ತಿದ್ದರು. ಗಾಯದ ವಾಸನೆ, ಹಣ್ಣಿನ ವಾಸನೆ ಎರಡೂ ಆ ಕೋಣೆಯಲ್ಲಿ ಬೆರೆತುಹೋಗಿದ್ದವು. ಅಂದಿನಿಂದ ಹಲಸಿನ ಹಣ್ಣಿನ ಗಾಡಿ ಕಂಡರೆ ಅವಳು ರಸ್ತೆಯ ಆಚೆ ಬದಿಗೆ ದಾಟುತ್ತಿದ್ದಳು.

ಡಾಕ್ಟರು ಹೇಳಿದ ಮೇಲೆ ಮೊದಲು ಅನ್ನ ಬಿಟ್ಟಳು, ಮುದ್ದೆ ಅರ್ಧ ಮಾಡಿದಳು. ಫೋನಿನ ವಿಡಿಯೋದಲ್ಲಿ ಬಿಳಿ ಕೋಟು ತೊಟ್ಟವನೊಬ್ಬ, "ಹಣ್ಣಲ್ಲಿರೋದು ನ್ಯಾಚುರಲ್ ಸಕ್ಕರೆ ಅಂತ ಮೋಸ ಹೋಗ್ಬೇಡಿ, ಹೊಟ್ಟೆಗೆ ಹೋದ್ಮೇಲೆ ಎಲ್ಲಾ ಒಂದೇ," ಎಂದ. ಮಾವು, ಬಾಳೆ ನಿಂತವು. ಆಮೇಲೆ ಸಪೋಟ, ದ್ರಾಕ್ಷಿ. ಕೊನೆಗೆ ಸೀಬೆಯೂ ಬೇಡವಾಗಿ ಮನೆಗೆ ಹಣ್ಣು ಬರುವುದೇ ನಿಂತುಹೋಯಿತು. ಗಂಡ ಚಂದ್ರು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ತಿಂದುಕೊಂಡು ಬರುತ್ತಿದ್ದ, ಅವನಿಗೇನೂ ಅನಿಸಲಿಲ್ಲ. ಪ್ರಮೀಳಾಳ ತೂಕ ಇಳಿಯಿತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೊಗಳಿದರು. ಕ್ಯಾತ್ಸಂದ್ರದ ಛತ್ರವೊಂದರಲ್ಲಿ ಮದುವೆಗೆ ಹೋದಾಗ ನೆಂಟರ ಪೈಕಿ ಯಾರೋ, "ತಾಯಿ ಇಳಿದವ್ಳೆ, ಮಗಳು ಏರವ್ಳೆ," ಎಂದು ನಕ್ಕರು. ತೇಜಸ್ವಿನಿ ಎಲೆಯ ಮೇಲಿದ್ದ ಬಾಳೆಹಣ್ಣಿಗೆ ಕೈ ಹಾಕಿದ್ದಳು. ಪ್ರಮೀಳಾ ಮೆಲ್ಲಗೆ ಅವಳ ಕೈ ಹಿಡಿದು, "ಅದ್ರಲ್ಲಿ ಎಷ್ಟು ಸಕ್ಕರೆ ಇರತ್ತೆ ಗೊತ್ತೇನೇ? ತಾತನ ಕಾಲು ನೆನಪಿಲ್ವಾ?" ಎಂದಿದ್ದಳು. ಹುಡುಗಿ ಹಣ್ಣು ಬಿಟ್ಟಳು. ಪಿಯುಸಿ ಓದುವ ವಯಸ್ಸು. ಹೇಳಿದ ಮಾತು ಕೇಳಿದಳಲ್ಲ ಎಂದು ಅವತ್ತು ಪ್ರಮೀಳಾಗೆ ಖುಷಿಯೇ ಆಗಿತ್ತು.

ಆ ಭಾನುವಾರ ಕಾಳಯ್ಯನವರ ವರ್ಷದ ಎಡೆ. ಚಂದ್ರುಗೆ ಶಿಫ್ಟ್ ಇತ್ತು. ತಾಯಿ ಮಗಳು ಇಬ್ಬರೇ ಕುಣಿಗಲ್ ಬಸ್ಸು ಹತ್ತಿದರು. ಜೂನ್ ತಿಂಗಳಾದರೂ ಮಳೆ ಹಿಡಿದಿರಲಿಲ್ಲ, ಬಸ್ಸಿನಲ್ಲಿ ಎಲ್ಲರೂ ಬೆವರುತ್ತಿದ್ದರು. ತೇಜಸ್ವಿನಿ ಮಾತ್ರ ದುಪಟ್ಟಾ ಬಿಗಿಯಾಗಿ ಹೊದ್ದುಕೊಂಡು ಕಿಟಕಿ ಮುಚ್ಚಿದಳು. ಪ್ರಮೀಳಾ ಅವಳ ಕೈ ಮುಟ್ಟಿ ನೋಡಿದಳು. ತಣ್ಣಗಿತ್ತು. ಮುಂಗೈ ಮೇಲೆ ಹಸುಗೂಸಿನ ಮೈಯಲ್ಲಿರುವಂಥ ನವಿರು ಕೂದಲು ಬೆಳೆದಿತ್ತು. ಹಿಂದೆ ಇರಲಿಲ್ಲ ಇದು. ಕೇಳಬೇಕೆನಿಸಿತು, ಏನೆಂದು ಕೇಳುವುದೋ ತಿಳಿಯಲಿಲ್ಲ. ಮಗಳು ಕೈ ಎಳೆದುಕೊಂಡು ದುಪಟ್ಟಾದೊಳಗೆ ಸೇರಿಸಿದಳು.

ಹುತ್ರಿದುರ್ಗದ ಬೆಟ್ಟದ ಬುಡದ ಆ ಊರಿನಲ್ಲಿ ಪ್ರಮೀಳಾಳ ತಾಯಿ ನರಸಿಂಹಮ್ಮ ಮೈದುನನ ಸಂಸಾರದ ಜೊತೆಗಿದ್ದರು. ಮನೆಯ ಅಂಗಳಕ್ಕೆ ಕಾಲಿಡುವಾಗಲೇ ಆ ವಾಸನೆ ಬಂತು. ಮುದುಕಿ ಕೈಗೆ ಎಣ್ಣೆ ಸವರಿಕೊಂಡು ದೊಡ್ಡ ಹಲಸಿನ ಹಣ್ಣೊಂದನ್ನು ಸೀಳಿ ತೊಳೆ ಬಿಡಿಸುತ್ತಾ ಕೂತಿದ್ದರು. ಒಳಗೆ ಕಾಳಯ್ಯನವರ ಫೋಟೋದ ಮುಂದೆ ಬಾಳೆಲೆ ಹಾಸಿ ಮುದ್ದೆ, ಹುರುಳಿ ಸಾರು, ವಡೆ ಎಲ್ಲಾ ಇಟ್ಟಾಗಿತ್ತು.

"ಅವ್ವಾ, ಇದನ್ನೂ ಇಡ್ತೀಯಾ? ಇದನ್ನ ತಿಂದೇ ಅಲ್ವಾ ಅಪ್ಪ ಹೋಗಿದ್ದು?" ಪ್ರಮೀಳಾಳ ದನಿ ಏರಿತು.

"ಸತ್ತೋರ್ಗೆ ಯಾವ ಸುಗರ್ರವ್ವಾ?" ನರಸಿಂಹಮ್ಮ ತಲೆ ಎತ್ತಲಿಲ್ಲ. ಆಮೇಲೆ ಮೊಮ್ಮಗಳ ಕಡೆ ನೋಡಿದವರು ಕೈಯಲ್ಲಿದ್ದ ತೊಳೆಯನ್ನು ಹಾಗೇ ಹಿಡಿದುಕೊಂಡು ಕೂತರು. "ಅಯ್ಯೋ ನನ್ ಮಗಾ, ಇದೇನೇ ಹಿಂಗಾಗಿದೀಯಾ? ಕಾಯ್ಲೆ ಬಿದ್ದಿದ್ಲಾ ಇವ್ಳು? ನಂಗ್ಯಾಕೆ ಹೇಳ್ಲಿಲ್ಲ ನೀನು?"

"ಡಯಟ್ ಅಜ್ಜಿ," ಎಂದು ತೇಜಸ್ವಿನಿ ನಕ್ಕಳು. ನಕ್ಕಾಗ ಕೆನ್ನೆ ಒಳಕ್ಕೆ ಹೋಯಿತು.

"ಡೈಟೋ ಗೀಟೋ. ಬಾ, ಎಲ್ಡು ತೊಳೆ ತಿನ್ನು. ನಿಮ್ ತಾತ ನೆಟ್ಟ ಮರದ್ದು."

"ಬೇಡ ಅಜ್ಜಿ. ನೀರು ತರ್ತೀನಿ," ಎಂದು ಹುಡುಗಿ ಬಿಂದಿಗೆ ಎತ್ತಿಕೊಂಡು ಹಿತ್ತಲಿನ ತೊಟ್ಟಿಯ ಕಡೆ ಹೋದಳು. ತಿನ್ನುವ ಮಾತು ಬಂದಾಗಲೆಲ್ಲ ಅವಳಿಗೆ ಹೀಗೊಂದು ಕೆಲಸ ನೆನಪಾಗುತ್ತಿತ್ತು ಎಂಬುದು ಪ್ರಮೀಳಾಗೆ ಆಗ ಹೊಳೆಯಿತು.

ಬಿಂದಿಗೆ ಕಲ್ಲಿನ ಮೇಲೆ ಬಿದ್ದ ಸದ್ದು ಮೊದಲು ಕೇಳಿಸಿತು. ಜಾರಿರಬೇಕು ಅಂದುಕೊಂಡಳು. ಆದರೆ "ಅಮ್ಮಾ" ಎಂಬ ಕೂಗು ಬರಲಿಲ್ಲ. ಓಡಿಹೋಗಿ ನೋಡಿದರೆ ತೇಜಸ್ವಿನಿ ತೊಟ್ಟಿಯ ಪಕ್ಕದ ಕೆಸರಿನಲ್ಲಿ ಮಗ್ಗುಲಾಗಿ ಬಿದ್ದಿದ್ದಳು. ಕಣ್ಣು ಅರೆ ತೆರೆದಿದ್ದವು, ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಪ್ರಮೀಳಾ ಅವಳನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡಳು. ಎತ್ತುವುದು ಎಷ್ಟು ಸುಲಭವಾಯಿತೆಂದರೆ ಅವಳ ಕೈಗಳೇ ಹೆದರಿದವು. ಇಷ್ಟು ಹಗುರವೇ? ಆರನೇ ಕ್ಲಾಸಿನಲ್ಲಿ ಜ್ವರ ಬಂದಾಗ ಇವಳನ್ನು ಆಟೋದವರೆಗೆ ಎತ್ತಿಕೊಂಡು ಹೋಗಿ ಸೊಂಟ ಹಿಡಿದುಕೊಂಡಿತ್ತು. ಎದೆಯ ಮೇಲೆ ಕಿವಿ ಇಟ್ಟಳು. ಒಂದು ಬಡಿತ ಕೇಳಿಸಿ, ಮುಂದಿನದು ಬರಲು ಬಹಳ ಹೊತ್ತು ಹಿಡಿಯಿತು.

ಪಕ್ಕದ ಮನೆಯ ಗೋವಿಂದರಾಜು ತನ್ನ ಓಮ್ನಿ ತಂದ. ಕುಣಿಗಲ್‌ವರೆಗೂ ಹಿಂದಿನ ಸೀಟಿನಲ್ಲಿ ಪ್ರಮೀಳಾ ಮಗಳ ಕೆನ್ನೆ ತಟ್ಟುತ್ತಲೇ ಇದ್ದಳು. ದಾರಿಯಲ್ಲೇ ಹುಡುಗಿಗೆ ಎಚ್ಚರ ಬಂತು. "ಅಮ್ಮ, ಏನೂ ಆಗಿಲ್ಲ, ವಾಪಸ್ ಹೋಗೋಣ," ಎಂದು ಮತ್ತೆ ಮತ್ತೆ ಹೇಳಿದಳು. ಮುಂದೆ ಕೂತ ನರಸಿಂಹಮ್ಮ ದೇವರ ಹೆಸರೆಲ್ಲ ಕರೆಯುತ್ತಿದ್ದರು.

ಆಸ್ಪತ್ರೆಯಲ್ಲಿ ನಡುವಯಸ್ಸಿನ ಡಾಕ್ಟರಮ್ಮ ನಾಡಿ ನೋಡಿದರು, ಬೆರಳು ಚುಚ್ಚಿ ಸಕ್ಕರೆ ನೋಡಿದರು. ಸಕ್ಕರೆ ತೀರ ಕೆಳಗಿದೆ ಎಂದು ಗ್ಲೂಕೋಸ್ ಹಾಕಿಸಿದರು. ಸಕ್ಕರೆ ಕೆಳಗಿದೆ ಎಂಬ ಮಾತು ಪ್ರಮೀಳಾಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವರ ಮನೆಯಲ್ಲಿ ಸಕ್ಕರೆ ಏರುವ ವಸ್ತು, ಇಳಿಯುವುದು ಅವಳ ಲೆಕ್ಕದಲ್ಲೇ ಇರಲಿಲ್ಲ.

"ಕೊನೆಯದಾಗಿ ಮುಟ್ಟಾಗಿದ್ದು ಯಾವಾಗಮ್ಮ?" ಡಾಕ್ಟರಮ್ಮ ಕೇಳಿದರು.

ತೇಜಸ್ವಿನಿ ಸೂರು ನೋಡಿದಳು. "ಸಂಕ್ರಾಂತಿಗೆ ಮುಂಚೆ."

ಪ್ರಮೀಳಾ ಬೆರಳು ಮಡಚಿ ತಿಂಗಳು ಎಣಿಸಿದಳು, ಐದು ದಾಟಿತು.

"ಏನೇನು ತಿಂತೀಯಾ ದಿನಕ್ಕೆ?"

"ಎಲ್ಲಾ ತಿಂತೀನಿ. ಸೌತೆಕಾಯಿ, ಕೋಸು, ಮೊಟ್ಟೆ ಬಿಳೀದು..."

"ಹಣ್ಣು?"

"ಹಣ್ಣು ತಿನ್ನಲ್ಲ."

"ಯಾಕೆ? ಯಾರು ಹೇಳಿದ್ದು ತಿನ್ಬಾರ್ದು ಅಂತ?"

ತೇಜಸ್ವಿನಿ ಅಮ್ಮನ ಕಡೆ ತಿರುಗಿಯೂ ನೋಡಲಿಲ್ಲ. ತಾನು ನೋಡಿದರೆ ಅಮ್ಮ ಸಿಕ್ಕಿಬೀಳುತ್ತಾಳೆ ಎನ್ನುವಂತೆ ಗ್ಲೂಕೋಸ್ ಬಾಟಲಿಯನ್ನೇ ದಿಟ್ಟಿಸುತ್ತಾ ಮಲಗಿದಳು. ಮಗಳು ತನ್ನನ್ನು ಕಾಪಾಡುತ್ತಿದ್ದಾಳೆಂದು ಪ್ರಮೀಳಾಗೆ ತಿಳಿಯಿತು.

"ನಾನೇ ಮೇಡಂ," ಎಂದಳು. "ನಾನೇ ಹೇಳಿದ್ದು. ನಂಗೆ ಬಾರ್ಡರಲ್ಲಿ ಇದೆ. ನಮ್ಮಪ್ಪನಿಗೆ..."

ಡಾಕ್ಟರಮ್ಮ ಅವಳನ್ನು ಹೊರಗೆ ಕರೆದು ಬೆಂಚಿನ ಮೇಲೆ ಕೂರಿಸಿದರು. "ನೋಡಿ, ಜ್ಯೂಸ್ ಮಾಡ್ಕೊಂಡು ಲೋಟಗಟ್ಲೆ ಕುಡಿಯೋದು ಬೇರೆ. ಹಣ್ಣನ್ನ ಹಣ್ಣಾಗಿ ಅಗಿದು ತಿಂದ್ರೆ ನಾರಿರತ್ತೆ, ನೀರಿರತ್ತೆ, ಸಕ್ಕರೆ ನಿಧಾನವಾಗಿ ಸೇರತ್ತೆ. ಶುಗರ್ ಇರೋರ್ಗೇ ನಾನು ಅಳತೆ ನೋಡಿ ತಿನ್ನಿ ಅಂತೀನಿ. ನೀವೂ ತಿನ್ಬೋದು. ಆದ್ರೆ ನಿಮ್ ಮಗಳ ವಿಷ್ಯ ಈಗ ಹಣ್ಣಿನದಲ್ಲ. ತಿನ್ನೋದಕ್ಕೇ ಹೆದರ್ತಾ ಇದಾಳೆ ಅವ್ಳು. ಅದೊಂದು ಕಾಯಿಲೆ. ಇವತ್ತೇ ತುಮಕೂರಲ್ಲಿ ದೊಡ್ಡಾಸ್ಪತ್ರೆಗೆ ತೋರ್ಸಿ, ಹಾರ್ಟ್ ಟೆಸ್ಟ್ ಆಗ್ಬೇಕು. ಮನಸ್ಸಿನ ಡಾಕ್ಟ್ರನ್ನೂ ನೋಡಿ. ತಡ ಮಾಡ್ಬೇಡಿ."

"ಉಳೀತಾಳಾ?" ಎಂಬ ಮಾತು ಪ್ರಮೀಳಾಳ ಬಾಯಿಂದ ತಾನೇ ಬಂತು.

"ಬೇಗ ಬಂದಿದೀರ," ಎಂದರು ಡಾಕ್ಟರಮ್ಮ. ಉಳಿಯುತ್ತಾಳೆ ಎನ್ನಲಿಲ್ಲ.

ಅವರು ಒಳಗೆ ಹೋದ ಮೇಲೆ ನರಸಿಂಹಮ್ಮ ಬಂದು ಪ್ರಮೀಳಾಳ ಪಕ್ಕ ಕೂತರು. ಸೆರಗಿನಲ್ಲಿ ಕೈಯ ಎಣ್ಣೆ ಒರೆಸುತ್ತಲೇ ಇದ್ದರು.

"ನಿಮ್ಮಪ್ಪ ಮಾತ್ರೆ ನುಂಗ್ತಿರ್ಲಿಲ್ಲ ಕಣವ್ವಾ," ಎಂದರು. "ನಾಲ್ಕೈದು ವರ್ಸ ನಾನು ಕೊಟ್ಟಿದ್ದೆಲ್ಲಾ ತಿಪ್ಪೆಗೆ ಎಸೆದ. ಬರಿಗಾಲಲ್ಲೇ ತೋಟ ಸುತ್ತೋನು, ಮುಳ್ಳು ಚುಚ್ಚಿದ್ದೂ ಗೊತ್ತಾಗ್ತಿರ್ಲಿಲ್ಲ. ಹಣ್ಣಿಂದ ಹೋದ್ನೋ, ಮಾತ್ರೆ ಬುಟ್ಟು ಹೋದ್ನೋ, ನಂಗೇನು ಗೊತ್ತು?"

"ಮುಂಚೇನೇ ಯಾಕವ್ವಾ ಹೇಳ್ಲಿಲ್ಲ?"

"ಸತ್ತೋನ್ ಮೇಲೆ ಯಾಕೆ ದೂರು ಹೇಳೋದು ಅಂತ ಸುಮ್ಕಿದ್ದೆ. ನಿಂಗೆ ಇಂಗೆ ಹೆದ್ರಿಕೆ ಹೊಕ್ಕೈತೆ ಅಂತ ನಂಗೆ ಗೊತ್ತಾ?"

ಸಂಜೆಯ ಹೊತ್ತಿಗೆ ಗ್ಲೂಕೋಸ್ ಮುಗಿಯಿತು. ತುಮಕೂರಿನ ಆಸ್ಪತ್ರೆಗೆ ಡಾಕ್ಟರಮ್ಮನೇ ಫೋನ್ ಮಾಡಿ ಹೇಳಿದ್ದರು. ಚಂದ್ರು ಅಲ್ಲಿಂದ ಕಾರು ಮಾಡಿಕೊಂಡು ಹೊರಟಿದ್ದ. ಗೋವಿಂದರಾಜು ನರಸಿಂಹಮ್ಮನನ್ನು ಊರಿಗೆ ಕರೆದುಕೊಂಡು ಹೋದ. ತಾಯಿ ಮಗಳು ಆಸ್ಪತ್ರೆಯ ಗೇಟಿನ ಪಕ್ಕದ ಸಿಮೆಂಟ್ ಬೆಂಚಿನ ಮೇಲೆ ಕಾಯುತ್ತಾ ಕೂತರು. ತೇಜಸ್ವಿನಿಯ ಮುಂಗೈಗೆ ಹತ್ತಿ ಅಂಟಿಸಿದ್ದರು. ಹೊರಡುವ ಮುಂಚೆ ಏನಾದರೂ ತಿನ್ನಿಸಲೇಬೇಕು ಎಂದಿದ್ದರು ಡಾಕ್ಟರಮ್ಮ. ಇಡ್ಲಿ ತರಲೇ ಎಂದರೆ ಬೇಡ, ಬಿಸ್ಕತ್ತು ಬೇಡ. ಗೇಟಿನ ಎದುರು ಗಾಡಿಯಲ್ಲಿ ಒಬ್ಬಳು ಪರಂಗಿ ಹಣ್ಣು ಹೆಚ್ಚಿ ಕಾಗದದ ತಟ್ಟೆಗೆ ಹಾಕಿ ಕೊಡುತ್ತಿದ್ದಳು. ಪ್ರಮೀಳಾ ಎದ್ದುಹೋಗಿ ಒಂದು ತಟ್ಟೆ ತಂದಳು.

"ಒಂದು ಚೂರು, ಮಗಾ."

ತೇಜಸ್ವಿನಿ ತಟ್ಟೆ ನೋಡಿದಳು. ಅವಳ ಕಣ್ಣಲ್ಲಿದ್ದದ್ದು ಹಟವಲ್ಲ. ಹಾವು ಕಂಡವರ ನೋಟ ಅದು. ಆ ನೋಟ ಪ್ರಮೀಳಾಗೆ ಹೊಸದೇನಲ್ಲ. ಹಲಸಿನ ಗಾಡಿ ಕಂಡು ರಸ್ತೆ ದಾಟುವಾಗೆಲ್ಲ ತನ್ನ ಕಣ್ಣಲ್ಲಿ ಇದೇ ಇರುತ್ತಿತ್ತೇನೋ.

"ನೀನೇ ತಿನ್ನಲ್ವಲ್ಲಮ್ಮ," ಹುಡುಗಿ ಮೆಲ್ಲಗೆ ಅಂದಳು. ಚುಚ್ಚಿ ಆಡಿದ ಮಾತಲ್ಲ. ನಿಜವಾಗಿಯೂ ಕೇಳುತ್ತಿದ್ದಳು.

ಪ್ರಮೀಳಾ ಕಡ್ಡಿಯಲ್ಲಿ ಒಂದು ಹೋಳು ಚುಚ್ಚಿ ಬಾಯಿಗಿಟ್ಟಳು. ಒಂದು ವರ್ಷವಾಗಿತ್ತು. ಸಿಹಿ ನಾಲಿಗೆಗೆ ತಾಗಿದ್ದೇ ಅಪ್ಪನ ಕಾಲಿನ ಬಟ್ಟೆ ಬಿಚ್ಚುವಾಗಿನ ಆ ವಾಸನೆ ಮೂಗಿಗೆ ಬಂತು. ಉಗಿಯಬೇಕೆನಿಸಿತು. ಡಾಕ್ಟರಮ್ಮ ಹೇಳಿದ್ದೆಲ್ಲ ತಲೆಗೆ ಗೊತ್ತಿತ್ತು, ಗಂಟಲಿಗೆ ಗೊತ್ತಿರಲಿಲ್ಲ. ಮಗಳು ಅವಳ ಗಂಟಲನ್ನೇ ನೋಡುತ್ತಿದ್ದಳು. ಪ್ರಮೀಳಾ ಅಗಿದಳು, ನುಂಗಿದಳು. ಬಾಯಿ ತೆರೆದು ತೋರಿಸಲಿಲ್ಲವಷ್ಟೇ. ಇನ್ನೊಂದು ಹೋಳು ಚುಚ್ಚಿಕೊಂಡಳು. ಬಾಯಿಗಿಡುವ ಮುಂಚೆ ಕಣ್ಣು ಬಿಗಿಯಾಗಿ ಮುಚ್ಚಿದಳು.

"ಹೆದ್ರಿಕೆ ಆಗ್ತಿದ್ಯಾ ಅಮ್ಮಾ?"

"ಹೂಂ ಕಣೇ. ತುಂಬಾ."

ತೇಜಸ್ವಿನಿ ಮತ್ತೊಂದು ಕಡ್ಡಿ ತೆಗೆದುಕೊಂಡಳು. ತಟ್ಟೆಯಲ್ಲಿದ್ದುದರಲ್ಲಿ ತೀರ ಚಿಕ್ಕದನ್ನು ಹುಡುಕಿ, ಅದನ್ನೂ ಎರಡು ಮಾಡಿ, ಒಂದನ್ನು ತುಟಿಯ ಹತ್ತಿರ ತಂದು ನಿಲ್ಲಿಸಿದಳು. ತಾನು ನೋಡುತ್ತಿದ್ದರೆ ಆ ಕಡ್ಡಿ ಮತ್ತೆ ತಟ್ಟೆಗಿಳಿದೀತೆಂದು ಪ್ರಮೀಳಾ ರಸ್ತೆಯ ಕಡೆ ಮುಖ ತಿರುಗಿಸಿದಳು. ತೆಂಗಿನಕಾಯಿ ತುಂಬಿದ ಲಾರಿಯೊಂದು ಏದುಸಿರು ಬಿಡುತ್ತಾ ದಾಟಿಹೋಯಿತು. ಅದರ ಸದ್ದಿನಲ್ಲಿ ಪಕ್ಕದಲ್ಲೇನಾಯಿತೋ ಕೇಳಿಸಲಿಲ್ಲ. ಲಾರಿ ಹೋಯಿತು, ಧೂಳು ಕೂತಿತು. ಅಗಿಯುವ ಸದ್ದು, ಬಹಳ ನಿಧಾನವಾಗಿ. ಆಮೇಲೆ ಅದೂ ನಿಂತಿತು. ಪ್ರಮೀಳಾ ತಿರುಗಲಿಲ್ಲ, ರಸ್ತೆಯನ್ನೇ ನೋಡುತ್ತಾ ಕೂತಳು.

ಎಷ್ಟೋ ಹೊತ್ತಾದ ಮೇಲೆ ಅವಳ ತೊಡೆಯ ಮೇಲಿದ್ದ ತಟ್ಟೆ, ಉಳಿದರ್ಧ ಹೋಳಿಗೆ ಕಡ್ಡಿ ಚುಚ್ಚಿದಾಗ ಅಲುಗುವಂತೆ, ಸ್ವಲ್ಪವೇ ಅಲುಗಿತು.